ಯಾರ ಒಂಟಿತನ, ಯಾರ ನಾಯಿ?

ನಾಯಿಯ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು ನಕ್ಕರು. ‘ಮನುಷ್ಯರ ಪಾಡೇ ಬರೆದು ಮುಗಿದಿಲ್ಲ, ನೀನು ನಾಯಿಗೆ ಇಳಿದೆಯಲ್ಲ ಮಾರಾಯ’ ಅಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಒಂದು ನಾಯಿಗಾಗಿ ಇಡೀ ನಾಡು ಕಣ್ಣೀರು ಹಾಕಿದಾಗ ಆ ಕಣ್ಣೀರು ಮನುಷ್ಯರ ವಿಚಾರವೇ ಆಗುತ್ತದೆ. ಯಾರಿಗೆ ಅಳು ಬರುತ್ತದೆ, ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎನ್ನುವುದನ್ನು ನೋಡಿದರೆ ಒಂದು ಸಮಾಜದ ಜಾತಕವೇ ಸಿಗುತ್ತದೆ.

ಕಿರಣ್‌ರಾಜ್ ಕೆ. ನಿರ್ದೇಶಿಸಿದ, ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ತೆರೆಗೆ ಬಂತು. ಹಾಸನದ ಒಂದು ಟಾಕೀಸಿನಲ್ಲಿ ನೋಡಿದೆ. ಪಕ್ಕದಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಬಿಕ್ಕುತ್ತಾ ಕೂತಿದ್ದರು. ನಾನೂ ಅತ್ತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಳದವನ ಹಾಗೆ ನಟಿಸಿ ವಿಮರ್ಶೆ ಬರೆಯುವುದು ಮೋಸ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೂ ಸಿನಿಮಾ ನೋಡಿ ಕ್ಯಾಮೆರಾಗಳ ಮುಂದೆ ಕಣ್ಣೊರೆಸಿಕೊಂಡರು. ಅವರ ಮನೆಯ ನಾಯಿ ಹಿಂದಿನ ವರ್ಷ ತೀರಿಕೊಂಡಿತ್ತು. ಕೆಲವೇ ದಿನಗಳಲ್ಲಿ ಸರ್ಕಾರ ಆ ಸಿನಿಮಾಕ್ಕೆ ಆರು ತಿಂಗಳ ಕಾಲ ರಾಜ್ಯದ ಪಾಲಿನ ತೆರಿಗೆಯನ್ನು ಬಿಟ್ಟುಕೊಟ್ಟಿತು. 2023ರಲ್ಲಿ ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಮುಖ್ಯಮಂತ್ರಿ ನಾಯಿಗಾಗಿ ಅತ್ತದ್ದು ತಪ್ಪಲ್ಲ, ಸತ್ತ ನಾಯಿಗೆ ಅಳದವನು ಸತ್ತ ಮನುಷ್ಯನಿಗೆ ಅಳುತ್ತಾನೆಂಬ ಭರವಸೆಯೂ ಇಲ್ಲ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರಿಗೆ ಸೇರಿದ ಕೋಲನ್ನು ಮುಟ್ಟಿದ ಎಂದು ಒಬ್ಬ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆ ಹುಡುಗನಿಗಾಗಿ ಯಾವ ಟಾಕೀಸೂ ಬಿಕ್ಕಲಿಲ್ಲ. ಇದನ್ನು ಆ ಸಿನಿಮಾದ ತಪ್ಪು ಅಂತ ಹೇಳುತ್ತಿಲ್ಲ. ಒಂದೇ ನಾಡಿನಲ್ಲಿ ಒಂದೇ ಕಾಲದಲ್ಲಿ ಎರಡೂ ನಡೆದದ್ದರಿಂದ ಪಕ್ಕಪಕ್ಕದಲ್ಲಿ ಇಟ್ಟೆ, ಅಷ್ಟೆ.

ಸಿನಿಮಾದ ಧರ್ಮ ಒಂಟಿ ಮನುಷ್ಯ. ಚಿಕ್ಕಂದಿನಲ್ಲೇ ಅಪಘಾತದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವನು. ಕಾರ್ಖಾನೆಗೆ ಹೋಗುತ್ತಾನೆ, ಮನೆಗೆ ಬರುತ್ತಾನೆ, ಬೀರು ಕುಡಿಯುತ್ತಾನೆ, ಚಾಪ್ಲಿನ್ ಸಿನಿಮಾ ನೋಡುತ್ತಾನೆ. ನೆರೆಹೊರೆಯವರ ಮೇಲೆ ಸಿಡುಕುತ್ತಾನೆ. ಅಂಥವನ ಮನೆಗೆ ಒಂದು ಹೆಣ್ಣುನಾಯಿ ಬರುತ್ತದೆ. ಮೊದಲು ಬೇಡವಾಗಿದ್ದದ್ದು ಆಮೇಲೆ ಜೀವವಾಗುತ್ತದೆ. ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾದಾಗ, ಅದು ಇಷ್ಟಪಟ್ಟ ಹಿಮವನ್ನು ತೋರಿಸಲು ಮೋಟಾರ್ ಸೈಕಲಿನ ಪಕ್ಕದ ತೊಟ್ಟಿಯಲ್ಲಿ ಕೂರಿಸಿಕೊಂಡು ಹಿಮಾಲಯದ ತನಕ ಹೋಗುತ್ತಾನೆ.

ಈ ಒಂಟಿತನವನ್ನು ಎಲ್ಲೋ ಓದಿದ್ದೇನೆ ಅನ್ನಿಸಿತು. ಹೌದು, ನಮ್ಮ ನವ್ಯರಲ್ಲಿ. ಐವತ್ತು ಅರವತ್ತರ ದಶಕದಲ್ಲಿ ಅವರು ಅನಾಥಪ್ರಜ್ಞೆ, ಪರಕೀಯತೆ ಎಂದೆಲ್ಲ ಹೆಸರಿಟ್ಟು ಒಂಟಿತನವನ್ನು ಒಂದು ದರ್ಶನವಾಗಿಸಿ ಪೀಠದ ಮೇಲೆ ಕೂರಿಸಿದರು. ಆ ನಾಯಕನಿಗೆ ಒಂದು ರೂಮಿತ್ತು, ಸಂಬಳವಿತ್ತು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸ್ವಾತಂತ್ರ್ಯವಿತ್ತು. ಎಪ್ಪತ್ತರ ದಶಕದಲ್ಲಿ ಕೇರಿಯಿಂದ ಬಂದ ಹುಡುಗರು ಪೆನ್ನು ಹಿಡಿದಾಗ ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ಹೊರಗಿನಿಂದ ಚಿಲಕ ಹಾಕಿಸಿಕೊಂಡವನ ಒಂಟಿತನಕ್ಕೆ ನಿಮ್ಮಲ್ಲಿ ಏನು ಹೆಸರಿದೆ ಸ್ವಾಮಿ? ಧರ್ಮ ಆ ನವ್ಯ ನಾಯಕನ ಮೊಮ್ಮಗ. ಅವನ ಒಂಟಿತನ ಒಂದು ಅಪಘಾತದಿಂದ ಬಂದದ್ದು, ಅಂದರೆ ವಿಧಿಯಿಂದ. ಅದಕ್ಕೆ ಯಾರೂ ಜವಾಬ್ದಾರರಲ್ಲ. ಯಾರೂ ಜವಾಬ್ದಾರರಲ್ಲದ ದುಃಖಕ್ಕೆ ಎಲ್ಲರೂ ಸೇರಿ ಅಳಬಹುದು. ಟಾಕೀಸಿನಲ್ಲಿ ಯಾರ ಮೈಗೂ ಮುಳ್ಳು ಚುಚ್ಚುವುದಿಲ್ಲ.

ಇದರ ಪಕ್ಕಕ್ಕೆ ಪ್ರೇಮಚಂದರ ‘ಪೂಸ್ ಕೀ ರಾತ್’ ಕತೆಯನ್ನು ಇಟ್ಟು ನೋಡಿ. ಹಿಂದಿ ಮೇಷ್ಟ್ರುಗಳಿಗೆ ಅದು ಗೊತ್ತೇ ಇರುತ್ತದೆ. ಹಲ್ಕೂ ಎಂಬ ಬಡ ರೈತ ಕಂಬಳಿ ಕೊಳ್ಳಲು ಕೂಡಿಟ್ಟ ಮೂರು ರೂಪಾಯಿಯನ್ನು ಸಾಲಗಾರನಿಗೆ ಕೊಡಬೇಕಾಗುತ್ತದೆ. ಪುಷ್ಯಮಾಸದ ಕೊರೆಯುವ ಚಳಿಯಲ್ಲಿ ಹೊಲ ಕಾಯಲು ಒಬ್ಬನೇ ಹೋಗುತ್ತಾನೆ. ಜೊತೆಗೆ ಜಬರಾ ಎಂಬ ನಾಯಿ. ಚಳಿ ತಡೆಯಲಾರದೆ ಆ ನಾಯಿಯನ್ನೇ ತಬ್ಬಿಕೊಂಡು ಮಲಗುತ್ತಾನೆ. ಅದರ ಮೈ ನಾರುತ್ತಿರುತ್ತದೆ. ರಾತ್ರಿ ಕಾಡುಪ್ರಾಣಿಗಳು ಹೊಲಕ್ಕೆ ನುಗ್ಗುತ್ತವೆ. ಜಬರಾ ಗಂಟಲು ಹರಿದುಕೊಂಡು ಬೊಗಳುತ್ತದೆ, ಹಲ್ಕೂ ಬೂದಿಯ ಬಿಸಿ ಬಿಟ್ಟು ಏಳುವುದಿಲ್ಲ. ಬೆಳಗ್ಗೆ ಬೆಳೆ ಹಾಳಾದದ್ದು ನೋಡಿ ಅವನಿಗೆ ಸಮಾಧಾನವೇ ಆಗುತ್ತದೆ, ಇನ್ನು ಈ ಚಳಿಯಲ್ಲಿ ಇಲ್ಲಿ ಮಲಗಬೇಕಾಗಿಲ್ಲವಲ್ಲ! ಇಲ್ಲೂ ಒಬ್ಬ ಒಂಟಿ ಮನುಷ್ಯ, ಒಂದು ನಾಯಿ. ಆದರೆ ಇವನನ್ನು ಆ ಹೊಲದಲ್ಲಿ ಒಂಟಿಯಾಗಿ ಮಲಗಿಸಿದವರು ಯಾರು ಎಂದು ಕತೆಗೆ ಗೊತ್ತಿದೆ, ಓದುವವನಿಗೂ ಗೊತ್ತಾಗುತ್ತದೆ. ಪ್ರೀತಿಯೇನೂ ಕಡಿಮೆಯಾಗಿಲ್ಲ. ನಾರುವ ನಾಯಿಯನ್ನು ಅಪ್ಪಿಕೊಳ್ಳುವ ಆ ಗಳಿಗೆಯಷ್ಟು ಬೆಚ್ಚಗಿನ ಗಳಿಗೆ ಎರಡೂವರೆ ಗಂಟೆ ಮೀರಿದ ನಮ್ಮ ಸಿನಿಮಾದಲ್ಲೂ ಕಡಿಮೆ.

ಹಾಗೆಂದು ಚಾರ್ಲಿಯನ್ನು ಮಧ್ಯಮವರ್ಗದ ಕಣ್ಣೀರೆಂದು ತಳ್ಳಿಹಾಕಿ ಎದ್ದುಹೋಗುವ ಹಾಗಿಲ್ಲ. ಅದರ ಹೊಟ್ಟೆಯಲ್ಲಿ ಅದಕ್ಕೇ ಗೊತ್ತಿಲ್ಲದ ಒಂದು ಬೆಂಕಿ ಇದೆ. ಚಾರ್ಲಿಗೆ ಕಾಯಿಲೆ ಬಂದದ್ದು ಯಾಕೆ? ಹಣದಾಸೆಗೆ ನಾಯಿಗಳನ್ನು ಕೂಡಿಹಾಕಿ, ಒಂದೇ ರಕ್ತದವುಗಳ ನಡುವೆ ಮರಿ ಹಾಕಿಸುವವನ ಕೈಯಲ್ಲಿ ಹುಟ್ಟಿದ್ದಕ್ಕೆ. ರಕ್ತ ಬೆರೆಯಬಾರದು, ತಳಿ ಶುದ್ಧವಾಗಿರಬೇಕು, ಶುದ್ಧವಾದಷ್ಟೂ ರೇಟು ಜಾಸ್ತಿ. ಆ ಶುದ್ಧತೆಯೇ ಚಾರ್ಲಿಯ ಮೈಯೊಳಗೆ ರೋಗವಾಯಿತು.

ಇದನ್ನು ನೋಡುತ್ತಿದ್ದಾಗ ನನಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಯಿತು. 1916ರ ಮೇ ತಿಂಗಳಲ್ಲಿ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಜಾತಿಯ ಜೀವಾಳ ಇರುವುದು ಒಳಮದುವೆಯಲ್ಲಿ, ತಮ್ಮತಮ್ಮೊಳಗೇ ಹೆಣ್ಣುಗಂಡು ಕೂಡಿಸುವ ಬೇಲಿಯಲ್ಲಿ ಎಂದು ಅವರು ವಾದಿಸಿದ್ದು ಅಲ್ಲೇ. ನಮ್ಮ ಕನ್ನಡ ಭಾಷೆ ಇನ್ನೂ ಮುಂದೆ ಹೋಗಿದೆ. ದುಡ್ಡು ಕೊಟ್ಟು ತಂದ ತಳಿಯ ನಾಯಿಗೆ ನಾವು ಅನ್ನುವುದೇ ‘ಜಾತಿನಾಯಿ’. ಕೇರಿಯಲ್ಲಿ, ಬೀದಿಯಲ್ಲಿ ಬೆರೆತು ಹುಟ್ಟಿದ್ದಕ್ಕೆ ‘ಕಂತ್ರಿ’. ಕಂತ್ರಿ ಎನ್ನುವುದು ಮನುಷ್ಯರಿಗೆ ಬೈಗುಳವೂ ಹೌದು. ಹೀಗಿರುವಾಗ ಜಾತಿನಾಯಿಯ ಶುದ್ಧರಕ್ತವೇ ಅದನ್ನು ಕೊಲ್ಲುತ್ತದೆ ಎಂದು ತೋರಿಸುವ ಸಿನಿಮಾವನ್ನು ಕನ್ನಡನಾಡು ನೋಡಿತು, ಕಣ್ಣೀರಿಟ್ಟಿತು, ನಾಯಿ ಕೊಳ್ಳಬೇಡಿ, ದತ್ತು ತೆಗೆದುಕೊಳ್ಳಿ ಎಂಬ ನೀತಿಯನ್ನು ಎತ್ತಿಕೊಂಡು ಮನೆಗೆ ಹೋಯಿತು. ಮನೆಗೆ ಹೋಗಿ ಮಗಳಿಗೆ ಸ್ವಜಾತಿಯ ವರ ಬೇಕೆಂದು ಜಾಹೀರಾತು ಬರೆಯಿತು. ಸಿನಿಮಾ ಮಾಡಿದವರು ಇನ್ನೊಂದು ಹೆಜ್ಜೆ ಇಡಬಹುದಿತ್ತು. ಇಡಲಿಲ್ಲ. ಆದರೆ ಅಲ್ಲಿಯ ತನಕ ಬಂದಿದ್ದಾರಲ್ಲ, ಮುಂದಿನ ಹೆಜ್ಜೆಯನ್ನು ನೋಡುವವರು ಇಡಬೇಕು.

ನಾಯಿಯನ್ನು ಹೊಗಳುವಾಗ ನಾವು ಬಳಸುವ ಇನ್ನೊಂದು ಮಾತು ‘ನಿಯತ್ತು’. ಇದರ ಬೇರು ಬಹಳ ಹಳೆಯದು. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872ನೆಯ ವರ್ಷದ್ದು, ಅಂದರೆ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಕಾಲ. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ ‘ಏನು ಬೇಕು ಕೇಳು’ ಅಂದಾಗ ಅವನು ಚಿನ್ನ ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಗೇ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟರು, ಕೆರೆಯ ಕೆಳಗೆ ಭೂಮಿ ಬಿಟ್ಟರು, ಪೂಜೆ ಮಾಡದೆ ಉಣ್ಣುವವನಿಗೆ ಪಾಪವೆಂದು ಬರೆಸಿದರು.

ಸಾವಿರ ವರ್ಷ ದಾಟಿ ಬಂದ ಆ ಕಲ್ಲಿನ ಮುಂದೆ ನಿಂತರೆ ಮನಸ್ಸು ಮಿಡಿಯುತ್ತದೆ. ರಾಜ ಕೊಡುತ್ತೇನೆಂದಾಗ ನಾಯಿ ಕೇಳಿದವನ ಒಳಗೆ ಏನಿತ್ತೋ! ಆದರೂ ನೋಡಿ, ನಾಯಿಗೆ ಹೆಸರಿದೆ, ಒಡೆಯನಿಗೆ ಹೆಸರಿದೆ, ರಾಜನಿಗೆ ಬಿರುದುಗಳಿವೆ. ಕೆರೆಯ ಕೆಳಗಿನ ಆ ಭೂಮಿಯನ್ನು ಕೆಸರಲ್ಲಿ ನಿಂತು ಉತ್ತವರಿಗೆ, ನಾಟಿ ಮಾಡಿದ ಹೆಂಗಸರಿಗೆ ಕಲ್ಲಿನಲ್ಲಿ ಹೆಸರಿಲ್ಲ. ಒಡೆಯನಿಗಾಗಿ ಸತ್ತರೆ ನಾಯಿಗೂ ಕಲ್ಲು ಸಿಗುತ್ತದೆ ಎಂಬುದು ಆ ಕಲ್ಲು ಸುತ್ತಲಿನ ಆಳುಗಳಿಗೆ ಹೇಳಿದ ಪಾಠ. ಆ ಪಾಠ ನಮ್ಮ ಅಪ್ಪಂದಿರ ತನಕ ನಡೆದುಬಂತು. ಗೌಡರ ಮನೆಯಲ್ಲಿ ಜೀತಕ್ಕಿದ್ದವನಿಗೆ ಸಿಗುತ್ತಿದ್ದ ದೊಡ್ಡ ಸರ್ಟಿಫಿಕೇಟು ಯಾವುದು? ‘ನಾಯಿ ಇದ್ದಂಗವ್ನೆ ಕಣಯ್ಯ, ಅಂಥಾ ನಿಯತ್ತು.’ 1976ರಲ್ಲಿ ಜೀತ ರದ್ದತಿಯ ಕಾಯ್ದೆ ಬಂದಮೇಲೂ ಆ ಹೊಗಳಿಕೆ ರದ್ದಾಗಲಿಲ್ಲ. ನಾಯಿಯ ಪ್ರೀತಿಯನ್ನು ನಿಯತ್ತು ಎಂದು ಕರೆದ ಕೂಡಲೇ ಅದು ಪ್ರೀತಿಯಾಗಿ ಉಳಿಯುವುದಿಲ್ಲ, ಸೇವೆಯಾಗುತ್ತದೆ. ಚಾರ್ಲಿಯ ದೊಡ್ಡ ಗುಣ ಇರುವುದು ಇಲ್ಲೇ. ಅಲ್ಲಿ ಮನುಷ್ಯನೇ ನಾಯಿಯ ಸೇವೆಗೆ ನಿಲ್ಲುತ್ತಾನೆ, ಕೆಲಸ ಮನೆ ಬಿಟ್ಟು ಅದರ ಆಸೆಯ ಹಿಂದೆ ಹೋಗುತ್ತಾನೆ. ಈ ಮಟ್ಟಿಗೆ ಅದು ಆತಕೂರಿನ ಕಲ್ಲನ್ನು ತಲೆಕೆಳಗು ಮಾಡಿದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲೂ ಮಂದಣ್ಣ, ಕರಿಯಪ್ಪರ ನಡುವೆ ಕಿವಿ ಎಂಬ ನಾಯಿ ಓಡಾಡಿಕೊಂಡಿದೆಯಲ್ಲ, ಅದರ ಹತ್ತಿರ ಯಾರೂ ನಿಯತ್ತಿನ ಲೆಕ್ಕ ಕೇಳುವುದಿಲ್ಲ. ಅದು ಅದರ ಪಾಡಿಗೆ ನಾಯಿಯಾಗಿದೆ.

ನಾಯಕನಿಗೆ ಧರ್ಮ ಎಂದು ಸುಮ್ಮನೆ ಹೆಸರಿಟ್ಟಿರಲಾರರು. ಮಹಾಪ್ರಸ್ಥಾನದಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದ ಕತೆ ಎಲ್ಲರ ಬಾಯಲ್ಲೂ ಇದೆ, ಶಾಲೆಗಳಲ್ಲಿ ನಾವೇ ಹೇಳಿಕೊಡುತ್ತೇವೆ. ದಾರಿಯಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಅವನು ತಿರುಗಿ ನೋಡದೆ ನಡೆದ. ನಿಂತದ್ದು ನಾಯಿಗೆ. ಇದನ್ನು ಕರುಣೆ ಎಂದು ನಮಗೆ ಕಲಿಸಿದ್ದಾರೆ. ಅದೇ ಮಹಾಭಾರತದ ಆದಿಪರ್ವದಲ್ಲಿ ಪಾಂಡವರದ್ದೇ ಇನ್ನೊಂದು ನಾಯಿ ಇದೆ. ಕಾಡಿನಲ್ಲಿ ಒಬ್ಬನೇ ಬಿಲ್ಲು ಕಲಿಯುತ್ತಿದ್ದ ಏಕಲವ್ಯನನ್ನು ಕಂಡು ಬೊಗಳಿದ್ದು, ಬಾಯ್ತುಂಬ ಬಾಣ ತುಂಬಿಸಿಕೊಂಡು ಒಡೆಯರ ಹತ್ತಿರ ಓಡಿದ್ದು ಅದೇ. ಅದರ ಜಾಡು ಹಿಡಿದು ಬಂದವರಿಂದಲೇ ಏಕಲವ್ಯನ ಹೆಬ್ಬೆರಳು ಹೋಯಿತು. ಏಕಲವ್ಯನಿಗಿಂತ ಒಂಟಿಯಾದ ವಿದ್ಯಾರ್ಥಿ ಇದ್ದಾನೆಯೇ? ಗುರು ಕೂಡ ಮಣ್ಣಿನ ಗೊಂಬೆ. ಮೊದಲನೆಯ ನಾಯಿಯ ಕತೆ ಹೇಳುವವರು ಎರಡನೆಯದನ್ನೂ ಅದೇ ಪೀರಿಯಡ್ಡಿನಲ್ಲಿ ಹೇಳಲಿ ಎಂದು ನನ್ನಂಥ ಮೇಷ್ಟ್ರುಗಳಿಗೆ ನನ್ನ ಮನವಿ.

ಇನ್ನು ಮನು. ಹತ್ತನೆಯ ಅಧ್ಯಾಯದಲ್ಲಿ ಚಂಡಾಲರು, ಶ್ವಪಚರು ಊರ ಹೊರಗೆ ಇರಬೇಕು, ನಾಯಿ ಕತ್ತೆಗಳೇ ಅವರ ಸಂಪತ್ತು ಎಂದು ವಿಧಿಸಿದ್ದಾನೆ. ದನ, ಹೊಲ, ಹೊನ್ನು ಯಾವುದೂ ಬೇಡ, ನಾಯಿ ಇಟ್ಟುಕೊಳ್ಳಿ! ಈ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟರು. ಅದೇ ವರ್ಷದ ಮಾರ್ಚ್ 20ರಂದು ಅದೇ ಊರಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಾವಿರಾರು ಜನ ಬೊಗಸೆಯಲ್ಲಿ ಕುಡಿದಿದ್ದರು. ಅಲ್ಲಿಯವರೆಗೂ ಆ ಕೆರೆಗೆ ನಾಯಿ ಇಳಿಯಬಹುದಿತ್ತು, ಎಮ್ಮೆ ಇಳಿಯಬಹುದಿತ್ತು, ಇವರು ಇಳಿಯುವಂತಿರಲಿಲ್ಲ. ಹಳೆಯ ಕಾಲದ ಮಾತು ಬಿಡಿ ಅನ್ನುವವರಿಗೆ ನಮ್ಮ ಜಿಲ್ಲೆಯದ್ದೇ ಹೇಳುತ್ತೇನೆ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಂಗಸರು ಬಸವೇಶ್ವರನ ಗುಡಿಯೊಳಗೆ ಹೋದದ್ದಕ್ಕೆ ದಂಡ ಕಟ್ಟಿ ಎಂದರು. ಗುಡಿಯ ಜಗಲಿ ಮೇಲೆ ಮಲಗುವ ನಾಯಿಗೆ ಯಾವ ಊರಲ್ಲೂ ದಂಡ ಹಾಕಿದ್ದು ನಾನು ಕೇಳಿಲ್ಲ.

ಇಲ್ಲಿಯ ತನಕ ಅವರ ಲೆಕ್ಕವಾಯಿತು. ನಮ್ಮದೂ ಒಂದಿದೆ. ಕಳೆದ ಐವತ್ತು ವರ್ಷದಲ್ಲಿ ನಮ್ಮ ಪದ್ಯಗಳಲ್ಲಿ, ಭಾಷಣಗಳಲ್ಲಿ, ಗೋಡೆಬರಹಗಳಲ್ಲಿ ನಾಯಿ ಎಷ್ಟು ಸಲ ಬಂದಿದೆ? ಬಂದಾಗಲೆಲ್ಲ ಅಳತೆಗೋಲಾಗಿ ಬಂದಿದೆ. ‘ನಾಯಿಗಿಂತ ಕಡೆಯಾಗಿ ಕಂಡರು’, ‘ನಾಯಿಪಾಡು’. ಈಗಷ್ಟೇ ಮೇಲಿನ ಪ್ಯಾರಾದಲ್ಲಿ ನಾನೂ ಅದನ್ನೇ ಮಾಡಿದೆ. ಆ ಮಾತು ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ಏಣಿಯ ಕಡೆಯ ಮೆಟ್ಟಿಲು ನಾಯಿಯದು ಎಂಬ ಮನುವಿನ ಲೆಕ್ಕವನ್ನು ನಾವು ಒಪ್ಪಿಕೊಂಡೇ ಮಾತಾಡುತ್ತೇವೆ. ಕೇರಿಯ ಒಂಟಿ ಜೀವಗಳ ಜೊತೆ ಸಾವಿರಾರು ವರ್ಷ ಚಳಿಯಲ್ಲಿ ಮೈಗೆ ಮೈ ಕೊಟ್ಟು ಮಲಗಿದ್ದು ಅದೇ ನಾಯಿ. ಅದರ ಬಗ್ಗೆ ಒಂದು ಒಳ್ಳೆಯ ಕತೆ ನಮ್ಮಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಕೇರಿಯೆಲ್ಲ ತಿರುಗುವುದು ನೆನಪಾಗುತ್ತದೆ. ಅಲ್ಲಿ ಪ್ರೀತಿ, ಹಸಿವು, ಸಿಟ್ಟು ಎಲ್ಲ ಒಂದೇ ಹುರಿಯಲ್ಲಿ ಹೊಸೆದಿವೆ. ಆ ದಾರಿಯಲ್ಲಿ ನಾವು ಹೆಚ್ಚು ದೂರ ಹೋಗಲಿಲ್ಲ.

ತಮಿಳರು ಹೋದರು. 2018ರಲ್ಲಿ ಬಂದ ಮಾರಿ ಸೆಲ್ವರಾಜರ ‘ಪರಿಯೇರುಂ ಪೆರುಮಾಳ್’ ಕರುಪ್ಪಿ ಎಂಬ ಬೇಟೆನಾಯಿಯ ಸಾವಿನಿಂದ ಶುರುವಾಗುತ್ತದೆ. ಮೇಲ್ಜಾತಿಯವರು ಅದನ್ನು ರೈಲುಹಳಿಗೆ ಕಟ್ಟಿ ಕೊಲ್ಲುತ್ತಾರೆ. ನಾಯಿ ಮಾಡಿದ ತಪ್ಪೇನು? ಅದರ ಒಡೆಯನ ಜಾತಿ. ಕರುಪ್ಪಿಗೆ ಇಡೀ ಕೇರಿ ಮನುಷ್ಯರಿಗೆ ಅಳುವ ಹಾಗೆಯೇ ಅತ್ತು ಮಣ್ಣು ಮಾಡುತ್ತದೆ. ಆಮೇಲೆ ಕಾನೂನು ಓದಲು ಹೋದ ಹುಡುಗ ಕಾಲೇಜಿನಲ್ಲಿ ಒಂಟಿಯಾದಾಗಲೆಲ್ಲ ಆ ಸತ್ತ ನಾಯಿ ಅವನ ಜೊತೆ ಬರುತ್ತದೆ. ಚಾರ್ಲಿಯಲ್ಲಿ ನಾಯಿಯ ಪ್ರೀತಿ ಒಬ್ಬ ಮನುಷ್ಯನ ಗಾಯವನ್ನು ಮಾಯಿಸುತ್ತದೆ. ಇಲ್ಲಿ ನಾಯಿಯ ಸಾವು ಗಾಯ ಎಲ್ಲಿದೆ ಎಂದು ತೋರಿಸುತ್ತದೆ. ಎರಡೂ ಬೇಕಾದವೇ. ಆದರೆ ಕನ್ನಡದಲ್ಲಿ ಮೊದಲನೆಯದಕ್ಕೆ ತೆರಿಗೆ ಬಿಟ್ಟಿದ್ದೇವೆ, ಎರಡನೆಯದನ್ನು ಇನ್ನೂ ಮಾಡಿಲ್ಲ.

ಈ ಲೇಖನವನ್ನು ನಾನು ಇಲ್ಲಿಗೇ ಮುಗಿಸಿದ್ದೆ. ಮುಗಿಸಲು ಬಿಡದವಳು ಕಟ್ಟಾಯ ಹೋಬಳಿಯ ನಮ್ಮ ಕೇರಿಯ ಒಬ್ಬ ಅಜ್ಜಿ. ಗಂಡ ಹೋಗಿ ಬಹಳ ವರ್ಷವಾಯಿತು. ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ಸಾಲವಾದ ಮೇಲೆ ಮಗ ಸೊಸೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು, ಹಬ್ಬಕ್ಕೆ ಬಂದರೆ ಬಂದರು. ಕೇರಿಯ ಕೊನೆಯ ಮನೆ. ಅಲ್ಲಿ ಅವಳು ಮತ್ತು ಕೆಂಚ. ಕೆಂಚ ಅಂದರೆ ಒಂದು ಕಿವಿ ಹರಿದ, ಯಾವ ಜಾತಿಯೂ ಇಲ್ಲದ ಕೆಂಪು ನಾಯಿ. ಒಂದು ಮುದ್ದೆ ತಿರುವಿದರೆ ಅರ್ಧ ಅದಕ್ಕೆ. ‘ನಿನಗೇ ಸಾಲದು, ಅದಕ್ಯಾಕಜ್ಜಿ’ ಅಂದರೆ, ‘ಒಬ್ಳೇ ಉಣ್ಣಕ್ಕೆ ಕೂತ್ರೆ ತುತ್ತು ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ ಮಗ’ ಅನ್ನುತ್ತಾಳೆ.

ಒಂದು ಭಾನುವಾರ ನನ್ನ ವಿದ್ಯಾರ್ಥಿಗಳು ಅವಳ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಚಾರ್ಲಿ ಹಾಕಿದರು. ನಾನೂ ಹೋಗಿ ಕೂತೆ, ಅವಳು ಏನನ್ನುತ್ತಾಳೋ ನೋಡೋಣ ಅಂತ. ಒಳಗೊಳಗೇ ನನ್ನ ವಾದಕ್ಕೆ ಅವಳೊಂದು ಸಾಕ್ಷಿಯಾಗಲಿ ಎಂಬ ಆಸೆಯೂ ಇತ್ತು. ಮೊದಮೊದಲು ಹಾಗೇ ಆಯಿತು. ನಾಯಿಯನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವುದು ಬಂದಾಗ, ‘ಅದ್ಕೆ ಮಿಸನ್ನು ಗಿಸನ್ನು ಎಲ್ಲಾ ಹಾಕಿ ನೋಡ್ತಾವ್ರಲ್ಲ, ನನ್ ಮಂಡಿ ನೋವ್ಗೆ ಬರೀ ಗುಳ್ಗೆ ಕೊಟ್ ಕಳಿಸ್ತಾರೆ’ ಅಂದಳು. ಹುಡುಗರು ನಕ್ಕರು. ಗಾಡಿ ಏರಿ ಹೊರಟಾಗ, ‘ಇಷ್ಟ್ ದಿವ್ಸ ಕೆಲ್ಸ ಬುಟ್ಟು ಓದ್ನಲ್ಲ, ಇವನ್ಗೆ ಉಣ್ಣಕ್ ಇಕ್ಕೋರ್ ಯಾರು?’ ಅಂದಳು. ಎಂಥ ವಿಮರ್ಶೆ! ನಾನು ಪುಟಗಟ್ಟಲೆ ಬರೆದದ್ದನ್ನು ಒಂದೇ ಮಾತಲ್ಲಿ ಕೇಳಿದ್ದಳು. ಮನಸ್ಸಿನಲ್ಲೇ ಬರೆದುಕೊಂಡೆ.

ಆಮೇಲೆ ಅವಳು ಮಾತು ನಿಲ್ಲಿಸಿದಳು. ಚಾರ್ಲಿ ಸಾಯುವ ಹೊತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಮಗ ಬೆಂಗಳೂರಿಗೆ ಹೊರಟ ದಿನ ಕೂಡ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಅದು ವಿಧಿಯ ಕತೆ ಅಜ್ಜಿ, ಅದರಲ್ಲಿ ನಮ್ಮ ಕೇರಿ ಇಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಆ ಜಾತಿನಾಯಿಯ ಕತೆಯೊಳಕ್ಕೆ ಅವಳು ತನ್ನ ಕೆಂಚನನ್ನು ಕರೆದುಕೊಂಡು ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಕೂತುಬಿಟ್ಟಿದ್ದಳು. ನನ್ನ ಲೇಖನದಲ್ಲಿ ಆ ಅಳುವಿಗೆ ಜಾಗವೇ ಇರಲಿಲ್ಲ. ಅದಕ್ಕೇ ಇಷ್ಟು ಮತ್ತೆ ಬರೆದೆ.

ಹುಡುಗರು ಮೊಬೈಲು ಜೇಬಿಗಿಟ್ಟು ಏಳುತ್ತಿದ್ದರು. ‘ತಡಿ ಕೂಸೆ’ ಅಂದಳು ಅಜ್ಜಿ. ‘ಅದು ಬೆಳ್ಳಗಿರಾ ಮಂಜ್ನಲ್ಲಿ ಓಡ್ತಿತ್ತಲ್ಲ, ಅದೊಂದ್ ಇನ್ನೊಂದ್ ಕಿತ ತೋರ್ಸು.’ ಹುಡುಗ ಹಿಂದಕ್ಕೆ ಎಳೆದು ಹಾಕಿದ. ಅವಳು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ನೋಡಿದಳು, ಇನ್ನೊಂದು ಕೈ ಜಗಲಿಯ ಕೆಳಗೆ ಮಲಗಿದ್ದ ಕೆಂಚನ ಹರಿದ ಕಿವಿಯ ಮೇಲಿತ್ತು.